ಒಂದು ಸೀಸೆ ನೀಲಿ

ಪುಟ್ಟಗೌರಮ್ಮ ಗಂಡನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, ಸೀಗೆಪುಡಿ ಹಚ್ಚಿ, ಒಂದೊಂದೇ ಉಗುರನ್ನು ಉಜ್ಜುತ್ತಿದ್ದಳು. ಹೆಣಕ್ಕೆ ನೀರು ಹುಯ್ಯಲು ಕೊಡ ಹಿಡಿದು ನಿಂತಿದ್ದ ಅಂಬಿಗರ ದಾಸಯ್ಯ ಎರಡು ಸಲ, "ಸಾಕು ಬುಡು ಗೌರವ್ವ" ಅಂದ. ಅವಳು ಬಿಡಲಿಲ್ಲ.

"ಬಣ್ಣ ಇಲ್ಲ ನೋಡು," ಅಂದಳು. "ಹದಿನೈದು ವರ್ಸ ಎಷ್ಟು ಉಜ್ಜುದ್ರೂ ಓಯ್ತಿರ್ಲಿಲ್ಲ. ಉಣ್ಣೋವಾಗ ಮುದ್ದೆಗೆಲ್ಲ ಅತ್ಕೊಳ್ತಿತ್ತು. ಈಗ ಒಂದು ಉಗುರಲ್ಲೂ ಇಲ್ಲ."

ದಾಸಯ್ಯ ನೀರು ಹುಯ್ದ.

ಪಟ್ಟಣ ಪರಂಗಿ ದಂಡಿನ ಕೈಗೆ ಬಿದ್ದು ಮೂರು ತಿಂಗಳಾಗಿತ್ತು. ಶ್ರಾವಣದ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ದಂಡು ಬಂದಾಗ ಊರು ಬಿಟ್ಟು ಹೋದವರಲ್ಲಿ ಅರ್ಧದಷ್ಟು ಜನ ಇನ್ನೂ ಪಾಲಹಳ್ಳಿಗೆ ಮರಳಿರಲಿಲ್ಲ. ಹಾಗಾಗಿ ಚಿತ್ರದ ಕರಿಯಯ್ಯನ ಅಂಗಳದಲ್ಲಿ ಸೇರಿದ್ದವರು ಹತ್ತು ಹನ್ನೆರಡು ಮಂದಿ ಮಾತ್ರ. ಕಾಯಿಲೆ ಜೋರಾಗಿದೆ ಎಂದು ಕೇಳಿ ಮೂರು ದಿನದ ಹಿಂದೆಯೇ ಕಿಕ್ಕೇರಿಯಿಂದ ಬಂದಿದ್ದ ಅಣ್ಣನ ಮಗ ಮಂಜುನಾಥ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತಿದ್ದ. ಆ ಜಾಗದಲ್ಲಿ ನಿಲ್ಲಬೇಕಾಗಿದ್ದವನು ಕರಿಯಯ್ಯನ ಮಗ ಲಕ್ಷ್ಮಣ. ಅವನು ಪಟ್ಟಣದ ಕೋಟೆಯೊಳಗೆ ಸತ್ತು ಮೂರು ತಿಂಗಳಾಗಿತ್ತು.

ಹೆಣವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಚಟ್ಟದ ಮೇಲೆ ಮಲಗಿಸಿದರು. ಪಕ್ಕದ ಮನೆಯ ಮೂಗಮ್ಮ ಮೊರದಲ್ಲಿ ಅಕ್ಕಿ ತಂದಳು.

"ಬಾಯ್ಗೆ ಅಕ್ಕಿ ಆಕ್ರವ್ವ. ಮೊದ್ಲು ಮನೆಯೋರು. ಸೊಸೆ ಎಲ್ಲವ್ಳೆ?"

ಸೊಸೆ ಚೆಲುವಮ್ಮ ಒಳಗೆ ಕಣಜಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಮೂಗಮ್ಮ ಹೋಗಿ ಕರೆದರೂ ಏಳಲಿಲ್ಲ.

"ನಾನು ಆಕಾಕಿಲ್ಲ."

"ಇದೇನೇ ಇದು. ಮಾವ ಕಣೇ."

"ಮೂರು ತಿಂಗ್ಳು ನನ್ನ ಕೈಯಿಂದ ಒಂದು ತುತ್ತು ಉಣ್ಣಲಿಲ್ಲ ಅವ್ರು. ಗಂಗಳ ಇಟ್ರೆ ಎದ್ದೋಯ್ತಿದ್ರು. ನನ್ನ ಮಕ ಕಂಡ್ರೆ ಗ್ವಾಡೆ ಕಡೆ ತಿರುಗ್ತಿದ್ರು. ಗಂಡನ್ನ ತಿನ್ಕೊಂಡೋಳು ಅಂತ ತಾನೆ? ಬಾಯಿ ಇದ್ದಾಗ ಬ್ಯಾಡ ಅಂದೋರ್ಗೆ ಈಗ್ಯಾಕೆ ಆಕ್ಬೇಕು?"

ಅವಳ ಧ್ವನಿ ಅಂಗಳದವರೆಗೂ ಕೇಳಿಸಿತು. ಕರಿಯಯ್ಯ ಹಾಗೆ ನಡೆದುಕೊಂಡದ್ದನ್ನು ಎಲ್ಲರೂ ಕಂಡಿದ್ದರು. ಪುಟ್ಟಗೌರಮ್ಮ ಎಷ್ಟೋ ಸಲ ಕೇಳಿದ್ದಳು, ಬೈದಿದ್ದಳು, ಒಂದು ದಿನ ಕಾಲು ಹಿಡಿದುಕೊಂಡಿದ್ದಳು. ಅವನು ಬಾಯಿ ಬಿಟ್ಟಿರಲಿಲ್ಲ.

ಚಟ್ಟ ಎತ್ತಲು ಬಗ್ಗಿದ್ದ ಗಂಡಸರಿಗೆ ದಾಸಯ್ಯ ಕೈ ಅಡ್ಡ ಹಿಡಿದ. "ಒಂದ್ಗಳಿಗೆ ತಡೀರಿ," ಎಂದು ಹೇಳಿ, ತಲೆ ತಗ್ಗಿಸಿ ಒಳಗೆ ಹೋದ.

*

ಕರಿಯಯ್ಯ ಮರಗೆಲಸದ ಮನೆಯವನು. ಅವನ ಅಪ್ಪ, ತಾತ ತೊಟ್ಟಿಲು ಮಾಡಿ ಅದಕ್ಕೆ ಗಿಣಿ ಬರೆದವರು, ಹಸೆಮಣೆ ಮಾಡಿ ಅದಕ್ಕೆ ಬಳ್ಳಿ ಬರೆದವರು. ಪಟ್ಟಣದ ಹೊರಗಿನ ತೋಟದಲ್ಲಿ ಹೊಸ ಅರಮನೆ ಎದ್ದಾಗ ಗೋಡೆಗೆ ಆನೆ ಕುದುರೆ ಬರೆಯಲು ಸುತ್ತಲ ಊರುಗಳಿಂದ ಕೆಲಸದವರನ್ನು ಕರೆಸಿದರು. ಕರಿಯಯ್ಯನೂ ಹೋದ.

ಅಲ್ಲಿ ಬಣ್ಣ ಅರೆಯಲು ಕೂರಿಸಿದ್ದ ಸೆರೆಯಾಳುಗಳಲ್ಲಿ ಒಬ್ಬ ಪರಂಗಿ ಇದ್ದ. ಕಾಲಿಗೆ ಬೇಡಿ, ಎದೆಯವರೆಗೆ ಕೆಂಚು ಗಡ್ಡ, ಯಾರ ಜೊತೆಗೂ ಮಾತಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಹೋಗಿದ್ದಾಗ ಅವನು ಬಣ್ಣವನ್ನು ಕಾಯಿಸಿದ ಅಗಸೆ ಎಣ್ಣೆಯಲ್ಲಿ ಕಲಸಿ ಒಂದು ಹಲಗೆಯ ಮೇಲೆ ಬದನೆಕಾಯಿ ಬರೆದ. ಉಂಡು ಬಂದ ಕರಿಯಯ್ಯ ನೋಡುತ್ತಾ ನಿಂತ. ಬದನೆಕಾಯಿಯ ಭುಜದ ಮೇಲೆ ಒಂದು ಬಿಳಿ ಚುಕ್ಕೆಯಿತ್ತು. ಇದೇನು ಎಂದು ಬೆರಳಿಟ್ಟು ಕೇಳಿದ. ಪರಂಗಿ ಬಾಯಿ ತೆರೆಯದೆ ಎದುರಿನ ಕಿಟಕಿಯನ್ನು ತೋರಿಸಿದ.

ಕರಿಯಯ್ಯ ಅಲ್ಲಿಯವರೆಗೆ ಎಷ್ಟೋ ಹೂವು, ಎಷ್ಟೋ ಹಣ್ಣು ಬರೆದಿದ್ದ. ಒಂದರ ಮೇಲೂ ಕಿಟಕಿಯ ಬೆಳಕು ಬಿದ್ದಿರಲಿಲ್ಲ.

ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವನು ಎಣ್ಣೆ ಕಾಯಿಸುವುದನ್ನು, ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವುದನ್ನು, ದೂರದ ಬೆಟ್ಟವನ್ನು ತೆಳುವಾಗಿ ಬರೆಯುವುದನ್ನು ಕಲಿತ. ಒಂದು ಬೆಳಿಗ್ಗೆ ಹೋದಾಗ ಪರಂಗಿ ಕೂರುತ್ತಿದ್ದ ಜಾಗ ಖಾಲಿಯಾಗಿತ್ತು. ಎಲ್ಲಿಗೆ ಕರೆದೊಯ್ದರೆಂದು ಯಾರೂ ಹೇಳಲಿಲ್ಲ.

ಅಲ್ಲಿಂದಾಚೆ ಕರಿಯಯ್ಯ ಮನೆಯೊಳಗೆ ಕೂತು ಬರೆಯುವುದು ಕಡಿಮೆಯಾಯಿತು. ಮರಗೆಲಸ ಮುಗಿದರೆ ಚೌಕಟ್ಟು ತಲೆಯ ಮೇಲೆ ಹೊತ್ತು ಹೊರಟುಬಿಡುತ್ತಿದ್ದ. ಕುಂತಿಬೆಟ್ಟದ ಬಂಡೆಗಳು, ಕಿಕ್ಕೇರಿ ಕೆರೆಯ ಏರಿ, ಕಟಾವಾದ ಗದ್ದೆಯ ಕೂಳೆ. ಎದುರಿಗೆ ಕೂತು, ಇದ್ದುದನ್ನು ಇದ್ದ ಹಾಗೆ ಬರೆಯುತ್ತಿದ್ದ. ನಾಗಮಂಗಲದಲ್ಲಿ ಒಮ್ಮೆ, ಹೊಲ ಅಳೆದು ಕಂದಾಯ ಏರಿಸಲು ಬಂದವನು ಇವನೇ ಎಂದು ಊರವರು ಕೋಲು ಹಿಡಿದು ಓಡಿಸಿದ್ದರು. ಒಣಗದ ಚಿತ್ರಕ್ಕೆ ಹುಳ ಅಂಟುತ್ತಿತ್ತು, ಧೂಳು ಅಂಟುತ್ತಿತ್ತು. ಮನೆಗೆ ತಂದು ಸೂಜಿಯ ತುದಿಯಿಂದ ಒಂದೊಂದೇ ರೆಕ್ಕೆ ಬಿಡಿಸುತ್ತಾ ಕೂರುತ್ತಿದ್ದ.

"ದೇವ್ರನ್ನ ಬರದ್ರೆ ಯಾರಾರ ಪೂಜೆಗೆ ಇಟ್ಕೊಂಡಾರು," ಎನ್ನುತ್ತಿದ್ದಳು ಪುಟ್ಟಗೌರಮ್ಮ. "ಕೆರೆ ಏರಿ ಬರದ್ರೆ ಯಾರ್ ನೋಡ್ತಾರೆ? ಅಲ್ಲೇ ಅದಲ್ಲ ಕೆರೆ ಏರಿ."

"ಅಲ್ಲೇ ಅದೆ. ಯಾರೂ ನೋಡಾಕಿಲ್ಲ," ಎನ್ನುತ್ತಿದ್ದ ಅವನು.

ಒಂದೇ ಒಂದು ಕೊರಗು ಅವನಿಗೆ. ನೀಲಿ ಕೈಗೆ ಹತ್ತಿರಲಿಲ್ಲ. ನೀಲಿಗಿಡದ ಬಣ್ಣ ಎಣ್ಣೆಯಲ್ಲಿ ನಿಲ್ಲುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಅವನ ಹೊಳೆಗಳೆಲ್ಲ ಪಾತ್ರೆ ತೊಳೆದ ನೀರಿನ ಹಾಗೆ ಮಾಸುತ್ತಿದ್ದವು.

ಲಕ್ಷ್ಮಣ ಬಡಗಿಯಾಗಿ ಬೆಳೆದು, ಪಟ್ಟಣದ ಕೋಟೆಯ ತೋಪುಗಳಿಗೆ ಗಾಲಿ ಮಾಡುವ ಕೆಲಸಕ್ಕೆ ಸೇರಿದ. ಚೆಲುವಮ್ಮ ಸೊಸೆಯಾಗಿ ಬಂದಳು. ಬಂದ ಎಂಟನೆಯ ದಿನ, ಪಡಸಾಲೆಯ ಮೊರದಲ್ಲಿ ಜೋಡಿಸಿಟ್ಟಿದ್ದ ಎರಡು ಬದನೆಕಾಯಿ, ನಾಲ್ಕು ಈರುಳ್ಳಿ, ಒಂದು ಹೋಳು ಕುಂಬಳಕಾಯಿ ಕಂಡು, ಅತ್ತೆ ಅಡಿಗೆಗೆ ಇಟ್ಟಿದ್ದಾರೆಂದು ಹೆಚ್ಚಿ ಹುಳಿ ಮಾಡಿದಳು. ಅದು ಕರಿಯಯ್ಯ ಆರು ದಿನದಿಂದ ಬರೆಯುತ್ತಿದ್ದ ಮೊರ. ತಿಳಿದ ಮೇಲೆ ಅವಳು ಹೆದರಿ ಹಿತ್ತಲಿಗೆ ಹೋಗಿ ನಿಂತಳು. ಕರಿಯಯ್ಯ ತಾನೇ ಹೋಗಿ ಕರೆದು, ಅವಳ ಕೈಯಿಂದಲೇ ಬಡಿಸಿಕೊಂಡು ಎರಡು ಮುದ್ದೆ ಉಂಡ.

"ನಾನು ಬರ್ದಿದ್ದಕ್ಕಿಂತ ನೀನು ಮಾಡಿದ್ದೇ ಚೆಂದಾಗದೆ ಕಣವ್ವ," ಅಂದ. "ಇನ್ಮೇಲೆ ನೀನು ಇಕ್ಕಿದ್ರೆ ಮಾತ್ರ ಉಣ್ಣೋದು ನಾನು."

ಎರಡು ವರ್ಷ ಹಾಗೆಯೇ ನಡೆಯಿತು.

*

ದಾಸಯ್ಯ ಒಳಗಿನ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತ. ಅವನಿಗೂ ಕರಿಯಯ್ಯನಷ್ಟೇ ವಯಸ್ಸು. ಇಬ್ಬರೂ ಒಂದೇ ಹೊಳೆಯ ದಡದಲ್ಲಿ ಬೆಳೆದವರು.

"ಯಾರ್ಗೂ ಏಳ್ಬ್ಯಾಡ ಅಂತ ನನ್ ಕೈಲಿ ಆಣೆ ಆಕಿಸ್ಕೊಂಡಿದ್ದ," ಅಂದ. "ಸತ್ತೋನ್ಗೆ ಆಣೆ ಇನ್ಯಾಕೆ. ನಿನ್ನ ಮ್ಯಾಲೆ ಕ್ವಾಪ ಇರ್ಲಿಲ್ಲ ಕಣವ್ವ ಅವ್ನಿಗೆ. ನಿನ್ನ ಮಕ ನೋಡಾಕೆ ಅವ್ನಿಗೆ ಧೈರ್ಯ ಇರ್ಲಿಲ್ಲ."

ಚೆಲುವಮ್ಮ ತಲೆಯೆತ್ತಿದಳು.

*

ಶಿವರಾತ್ರಿ ಕಳೆದ ದಿನಗಳು. ಹೊಳೆ ಬತ್ತಿ ಕಲ್ಲುಗಳು ಮೇಲೆದ್ದಿದ್ದವು. ಕರಿಯಯ್ಯ ಒಂದೇ ಜಾಗದಲ್ಲಿ ಹದಿನೈದು ದಿನ ಕೂತು, ಪಟ್ಟಣದ ಪಡುವಲ ಕೋಟೆಗೋಡೆಯನ್ನೂ ಅದರ ಮುಂದಿನ ಹೊಳೆಯನ್ನೂ ಬರೆದ. ದಾಸಯ್ಯ ಗಿರಾಕಿಯಿಲ್ಲದ ಹೊತ್ತಿನಲ್ಲಿ ಹರಿಗೋಲು ಬೋರಲು ಹಾಕಿ ಪಕ್ಕದಲ್ಲಿ ಕೂರುತ್ತಿದ್ದ. ಅವನಿಗೆ ಚಿತ್ರ ತಿಳಿಯದು, ಹೊಳೆ ತಿಳಿಯುತ್ತಿತ್ತು.

"ಆ ಕಲ್ಲಿನ ಬುಡದಲ್ಲಿ ಅಷ್ಟು ಕಪ್ಪು ಬ್ಯಾಡ ಕಣ್ಲಾ. ಅಲ್ಲಿ ಮಂಡಿಯುದ್ದ ನೀರು. ಈಚೆ ಮಡು ಅದೆ ನೋಡು, ಅಲ್ಲಿ ಕಪ್ಪಾಕು."

ಕರಿಯಯ್ಯ ಅವನು ಹೇಳಿದ ಹಾಗೆ ತಿದ್ದಿದ. ಒಂದು ಕಲ್ಲನ್ನೂ ಬಿಡಲಿಲ್ಲ.

ಚಿತ್ರ ಮುಗಿಯುತ್ತಾ ಬಂದ ದಿನ, ಕುದುರೆ ವ್ಯಾಪಾರಿ ಎಂದು ಹೇಳಿಕೊಂಡ ಪರವೂರಿನವನೊಬ್ಬ ಬೆನ್ನ ಹಿಂದೆ ಬಂದು ನಿಂತ. ತುಂಬ ಹೊತ್ತು ನಿಂತ. ಈ ನೆರಳು ಯಾವ ಹೊತ್ತಿನದು, ಈ ಬಂಡೆ ಎಷ್ಟು ದೊಡ್ಡದು, ಇಲ್ಲಿ ನೀರು ಯಾಕೆ ತೆಳು ಎಂದು ಒಂದೊಂದನ್ನೂ ಕೇಳಿದ. ಹದಿನೈದು ವರ್ಷದಲ್ಲಿ ಕರಿಯಯ್ಯನ ಚಿತ್ರದ ಮುಂದೆ ಒಬ್ಬ ಮನುಷ್ಯ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಕರಿಯಯ್ಯ ಎದ್ದು ನಿಂತು, ಮದುವೆಗೆ ಕರೆಯಲು ಬಂದವನಂತೆ ಸಂಭ್ರಮದಿಂದ ಎಲ್ಲವನ್ನೂ ವಿವರಿಸಿದ. ಹೋಗುವಾಗ ಆತ ಚಿತ್ರವನ್ನು ಕೇಳಿದ. ಬದಲಿಗೆ ಜೋಳಿಗೆಯಿಂದ ಅಂಗೈಯಗಲದ ಗಾಜಿನ ಸೀಸೆ ತೆಗೆದು ಕೊಟ್ಟ. ಅದರ ತುಂಬ ನೀಲಿ ಪುಡಿ ಇತ್ತು. ಪರಂಗಿಯವರ ನೀಲಿ, ಎಣ್ಣೆಯಲ್ಲಿ ಮಾಸದ್ದು.

ಆ ಸಂಜೆ ಕರಿಯಯ್ಯ ಹೊಳೆದಂಡೆಯಲ್ಲಿ ಚಿಟಿಕೆಯಷ್ಟನ್ನು ಎಣ್ಣೆಗೆ ಹಾಕಿ ಹೆಬ್ಬೆರಳ ಮೇಲೆ ಬಳಿದುಕೊಂಡು, ಬೆರಳನ್ನು ಆಕಾಶಕ್ಕೆ ಹಿಡಿದು, "ಎಲ್ಲದೆ ಏಳು ನೋಡನ ನನ್ನ ಬೆರಳು," ಎಂದು ದಾಸಯ್ಯನನ್ನು ಕೇಳಿ ನಕ್ಕಿದ್ದ.

ಯುಗಾದಿಯ ಹೊತ್ತಿಗೆ ಪರಂಗಿ ದಂಡು ಬಂತು. ಊರು ಮೇಲುಕೋಟೆಯ ಕಡೆಗೆ ಗುಳೆ ಹೊರಟಿತು. ಗಾಲಿಯ ಕೆಲಸದವರನ್ನು ಕೋಟೆಯಿಂದ ಹೊರಗೆ ಬಿಡಲಿಲ್ಲ. ತಿಂಗಳ ಕಾಲ ತೋಪಿನ ಸದ್ದು ಬೆಟ್ಟದವರೆಗೂ ಕೇಳುತ್ತಿತ್ತು. ವೈಶಾಖದ ಒಂದು ದಿನ ಅದು ನಿಂತಿತು. ಗೋಡೆ ಒಡೆದು, ನಡುಮಧ್ಯಾಹ್ನ ಹೊಳೆ ಹಾಯ್ದು ಒಳಗೆ ನುಗ್ಗಿದರು ಎಂಬ ಸುದ್ದಿ ಬಂತು. ಎಲ್ಲಿ ಹಾಯ್ದರು ಎಂದು ಕರಿಯಯ್ಯ ಕೇಳಿದ. ಸುದ್ದಿ ತಂದವನು ಹೇಳಿದ ಜಾಗ, ಕರಿಯಯ್ಯ ಹದಿನೈದು ದಿನ ಕೂತು ಬರೆದದ್ದೇ.

ಮೂರನೆಯ ದಿನ ಕರಿಯಯ್ಯನೂ ದಾಸಯ್ಯನೂ ಪಟ್ಟಣಕ್ಕೆ ಹೋದರು. ಗಾಲಿಯ ಕೊಟ್ಟಿಗೆಯ ಬಾಗಿಲಲ್ಲಿ ಲಕ್ಷ್ಮಣ ಬೋರಲಾಗಿ ಬಿದ್ದಿದ್ದ. ಕೈಯಲ್ಲಿ ಉಳಿ ಇತ್ತು. ಹರಿಗೋಲಿನಲ್ಲಿ ಮಲಗಿಸಿ ಈಚೆ ದಡಕ್ಕೆ ತರುವಾಗ ಕರಿಯಯ್ಯ ಮಗನ ಕಡೆ ನೋಡಲಿಲ್ಲ. ನೀರಿನ ಮೇಲಿದ್ದ ಬಂಡೆಯೊಂದನ್ನು ಮುಟ್ಟಿ, "ಇದ ಬರ್ದಿದ್ದೆ," ಅಂದ. ಇನ್ನೊಂದು ಬಂತು. "ಇದ್ನೂ ಬರ್ದಿದ್ದೆ." ದಡ ಮುಟ್ಟುವವರೆಗೆ ಒಂದೊಂದನ್ನೂ ಮುಟ್ಟುತ್ತಾ ಬಂದ.

*

ಹೇಳಿ ಮುಗಿಸಿದ ದಾಸಯ್ಯ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ. ಹೊರಗೆ ಯಾರೋ ಕೆಮ್ಮಿದರು.

ಚೆಲುವಮ್ಮ ಅವನ ಕಡೆ ತಿರುಗಿದಳು. "ದಂಡಿನೋರು ಆ ಚಿತ್ರ ನೋಡ್ಕೊಂಡೇ ಬಂದ್ರಾ?"

"ಗೊತ್ತಿಲ್ಲ ಕಣವ್ವ. ತಿಂಗ್ಳು ಪೂರ್ತಿ ಈ ದಡದಲ್ಲೇ ಬೀಡು ಬುಟ್ಟಿದ್ರು. ದುರ್ಬೀನಿತ್ತು, ಕಣ್ಣಿತ್ತು. ಚಿತ್ರ ಇಲ್ದಿದ್ರೂ ಬತ್ತಿದ್ರು ಕಣ್ಲಾ ಅಂತ ಅವ್ನಿಗೆ ಎಷ್ಟು ಸಲ ಏಳ್ದೆ. ಕೇಳ್ಲಿಲ್ಲ." ಅವನು ನೆಲ ನೋಡಿದ. "ನೀರಿನ ಆಳ ಏಳ್ದೋನು ನಾನು. ಒಂದೊಂದು ದಿನ ನನ್ ಮಾತು ನಂಗೇ ನಂಬ್ಕೆ ಬರಾಕಿಲ್ಲ."

"ನಂಗ್ಯಾಕೆ ಏಳ್ಲಿಲ್ಲ?"

"ಅವಳ ಕೈಲಿ ಉಣ್ಣಾಕೆ ನಂಗೆ ಬಾಯಿ ಬರಾಕಿಲ್ಲ ಅಂತಿದ್ದ. ಅಷ್ಟೇ ಅಂತಿದ್ದ. ನೀನು ಮಲಗೋ ಮೂಲೆ ಸೋರ್ತಿತ್ತಲ್ಲ, ಈ ಮಳೇಲಿ ಸೋರ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಆಷಾಢಕ್ಕೆ ಮುಂಚೆ ನಾನೂ ಅವ್ನೂ ಅಟ್ಟ ಅತ್ತಿದ್ವಿ."

ಚೆಲುವಮ್ಮ ಮೇಲೆ ನೋಡಿದಳು. ಗಳುಗಳ ಸಂದಿಯಲ್ಲಿ, ಹುಲ್ಲಿನ ಕೆಳಗೆ ಎಣ್ಣೆ ಹೀರಿ ಕಂದುಗಟ್ಟಿದ ಬಟ್ಟೆಗಳನ್ನು ಒಂದಕ್ಕೊಂದು ಸೇರಿಸಿ ಹಾಸಿದ್ದರು. ಯಾವುದೋ ಹಳೆಯ ಗೋಣಿ ಎಂದುಕೊಂಡು ಇಷ್ಟು ದಿನ ಅವಳು ಅವುಗಳ ಕೆಳಗೆ ಮಲಗಿದ್ದಳು. ಅವಳಿಗೆ ಕಾಣುತ್ತಿದ್ದುದು ಬಟ್ಟೆಯ ಬೆನ್ನು. ಮಾವ ಬರೆದ ಬೆಟ್ಟ, ಕೆರೆ, ಗದ್ದೆ ಎಲ್ಲ ಆ ಕಡೆಗೆ, ಮಳೆಗೆ ಮುಖ ಮಾಡಿದ್ದವು.

"ಎಲ್ಲಾನೂವಾ?"

"ಒಂದೂ ಉಳಿಸ್ಕೊಳ್ಳಲಿಲ್ಲ. ಎಣ್ಣೆ ಬಟ್ಟೆ, ನೀರಿಳಿಯಾಕಿಲ್ಲ ಅಂದ. ಆ ನೀಲಿ ಸೀಸೇನ ಒಳೇ ನೀರ್ಗೆ ಬುಟ್ಬುಟ್ಟ."

ಅವಳ ಕಣ್ಣಿನಲ್ಲಿ ನೀರು ಬರುವ ಮೊದಲು ಮುಖ ಗಂಟಿಕ್ಕಿತು.

"ಏಳಿದ್ರೆ ಏನಾಯ್ತಿತ್ತು? ಬೈಯ್ತಿದ್ದೆ. ಅಳ್ತಿದ್ದೆ. ಎರಡು ದಿನ ನಾನೇ ಮಕ ತಿರುಗುಸ್ಕೊಂಡಿರ್ತಿದ್ದೆ. ಆಮ್ಯಾಕೆ ಮುದ್ದೆ ಇಕ್ತಿದ್ದೆ ತಾತ." ಮತ್ತೆ ಅಂದಳು, "ಇಕ್ತಿದ್ದೆ."

ಅವಳು ಗೋಡೆ ಹಿಡಿದು ಎದ್ದಳು. ಅಂಗಳಕ್ಕೆ ಬಂದಾಗ ಮಂದಿ ದಾರಿ ಬಿಟ್ಟರು. ಮೂರು ತಿಂಗಳ ನಂತರ ಆ ಮುಖವನ್ನು ಅವಳು ಎದುರೆದುರಿಗೆ ನೋಡಿದಳು. ಕೆನ್ನೆ ಒಳಕ್ಕೆ ಹೋಗಿತ್ತು. ಗಡ್ಡ ಬೆಳ್ಳಗಾಗಿತ್ತು. ತುಟಿಗಳನ್ನು ಎರಡು ಬೆರಳಿಂದ ಮೆಲ್ಲಗೆ ಬಿಡಿಸಿ, ಮೊರದಿಂದ ಅಕ್ಕಿ ತೆಗೆದು ಹಾಕಿದಳು. ಕೆಳಗೆ ಉದುರಿದ ನಾಲ್ಕು ಕಾಳನ್ನು ಆಯ್ದು ಮತ್ತೆ ಬಾಯಿಗೇ ಹಾಕಿದಳು. ಪುಟ್ಟಗೌರಮ್ಮ ಸೊಸೆಯನ್ನೂ ದಾಸಯ್ಯನನ್ನೂ ನೋಡಿದಳು.

ಚಟ್ಟ ಎತ್ತಿದರು.

*

ಹೊಳೆಯ ಹತ್ತಿರದ ತಮ್ಮ ಹೊಲದಲ್ಲಿ, ಲಕ್ಷ್ಮಣನ ಪಕ್ಕದಲ್ಲಿಯೇ ಗುಣಿ ತೋಡಿದ್ದರು. ಮಣ್ಣು ಮುಚ್ಚಿ, ನೀರಿನಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಎಲ್ಲರೂ ದಡದ ದಾರಿ ಹಿಡಿದರು. ಮಂಜುನಾಥ ಮತ್ತು ಉಳಿದವರು ಮುಂದೆ ಹೋದರು. ಅತ್ತೆ ಸೊಸೆ ಮೆಲ್ಲಗೆ ನಡೆದರು. ದಾಸಯ್ಯ ಹಿಂದಿದ್ದ.

ಮೋಡ ಹರಿದು ಬಿಸಿಲು ಬಿದ್ದಿತ್ತು. ದಾರಿಯ ಪಕ್ಕದ ದಿಬ್ಬದ ಮೇಲೆ ಅಗಲವಾದ ಬಿಳಿ ಕೊಡೆಯೊಂದನ್ನು ನೆಟ್ಟಿದ್ದರು. ಅದರ ಕೆಳಗೆ ಕೆಂಪು ಮುಖದ ಪರಂಗಿ ಒಬ್ಬ ಕೂತಿದ್ದ. ಎದುರಿಗೆ ಮೂರು ಕಾಲಿನ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ. ಹೊಳೆಯಾಚೆಯ ಒಡೆದ ಗೋಡೆಯನ್ನು ಬರೆಯುತ್ತಿದ್ದ. ಇವರನ್ನು ಕಂಡು ಏನೋ ಹೇಳಿದ. ಪಕ್ಕದಲ್ಲಿದ್ದ ದುಭಾಷಿ ಇಳಿದು ಬಂದ.

"ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕಂತೆ ತಾಯಿ. ದೊರೆಗಳು ನಿಮ್ಮನ್ನೂ ಸೇರಿಸಿ ಬರೀತಾರಂತೆ."

"ಮಣ್ಣು ಮಾಡಿ ಬತ್ತಾವ್ರೆ," ಅಂದ ದಾಸಯ್ಯ. "ದಾರಿ ಬುಡು."

ಪುಟ್ಟಗೌರಮ್ಮ ಆಗಲೇ ನಿಂತುಬಿಟ್ಟಿದ್ದಳು. ಗಾಳಿ ದಿಬ್ಬದ ಕಡೆಯಿಂದ ಅಗಸೆ ಎಣ್ಣೆಯ ವಾಸನೆ ಹೊತ್ತು ಬೀಸುತ್ತಿತ್ತು. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಮತ್ತೆ ಎಳೆದುಕೊಂಡಳು.

"ನಿಂತ್ಕೊಳ್ಳವ್ವ," ಅಂದಳು ಸೊಸೆಗೆ. "ಬಿಸ್ಲು ಓಯ್ತು ಅಂದ್ರೆ ಈ ಬೆಳಕು ಅವ್ನಿಗೆ ಸಿಕ್ಕಾಕಿಲ್ಲ. ಬರ್ಕೊಳ್ಳಲಿ."

ಇಬ್ಬರೂ ನಿಂತರು. ದಾಸಯ್ಯ ದೂರ ಸರಿದು ಬೆನ್ನು ತಿರುಗಿಸಿ ಕೂತ. ಕುಂಚ ಬಟ್ಟೆಗೆ ತಗಲುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಪುಟ್ಟಗೌರಮ್ಮ ಅಲುಗಾಡಲಿಲ್ಲ. ಮುಖದ ಮೇಲೆ ಇಳಿದದ್ದನ್ನೂ ಒರೆಸಿಕೊಳ್ಳಲಿಲ್ಲ.

ಸಾಕು ಎಂಬಂತೆ ಪರಂಗಿ ಕೈಯೆತ್ತಿದಾಗ ಚೆಲುವಮ್ಮ ಒಬ್ಬಳೇ ದಿಬ್ಬ ಹತ್ತಿ ಹೋದಳು. ದುಭಾಷಿ ತಡೆಯಲು ಬಂದು, ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ಅವಳು ಚಿತ್ರದ ಮುಂದೆ ನಿಂತು ಮೂಲೆಯಿಂದ ಮೂಲೆಗೆ ನೋಡಿದಳು. ಆಮೇಲೆ ಇಳಿದು ಬಂದಳು.

"ಏನ್ ಬರ್ದವ್ನೆ?" ಅತ್ತೆ ಕೇಳಿದಳು.

"ನೀರು. ಗ್ವಾಡೆ."

"ಅಷ್ಟೇಯಾ?"

"ನಾವಿಬ್ರು."

ಪುಟ್ಟಗೌರಮ್ಮ ಕೈ ಚಾಚಿದಳು. ಚೆಲುವಮ್ಮ ಹಿಡಿದುಕೊಂಡಳು. ಅವರು ನಿಂತಿದ್ದ ಜಾಗದಲ್ಲಿ, ಸೀರೆಗಳಿಂದ ಇಳಿದ ನೀರು ಎರಡು ಮಚ್ಚೆಯಾಗಿ ನೆಲದ ಮೇಲೆ ಉಳಿದಿತ್ತು. ಬಿಸಿಲಿಗೆ ಅಂಚಿನಿಂದ ಒಣಗುತ್ತಾ ಬರುತ್ತಿತ್ತು.